ಪಕ್ಕದ ಶಿವಗಂಗೋತ್ರಿಯಲ್ಲಿ ಯಾವ ಸಂಶೋಧನೆ ನಡೀತಿದೆ? ಅದಕ್ಕೂ ನಮಗೂ ಏನು ಸಂಬಂಧ?

ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಮಗೆ ವಿ.ವಿ. ಅಂದ ಕೂಡಲೇ ನೆನಪಾಗೋದು ಬೆಳಗಾವಿಯ ವಿಟಿಯು. ಟೈಮ್‌ಟೇಬಲ್, ರಿಸಲ್ಟ್, ಸ್ಕೀಮು ಎಲ್ಲ ಅಲ್ಲಿಂದಲೇ ಬರೋದು. ಆದರೆ ನಮ್ಮೂರಿನದೇ ಒಂದು ವಿಶ್ವವಿದ್ಯಾನಿಲಯ ಪಕ್ಕದ ತೋಳಹುಣಸೆಯಲ್ಲಿದೆ. ಕ್ಯಾಂಪಸ್ ಹೆಸರು ಶಿವಗಂಗೋತ್ರಿ. ಅಲ್ಲಿ ಏನು ಸಂಶೋಧನೆ ಮಾಡ್ತಾರೆ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನರ ಹತ್ತಿರ ಉತ್ತರ ಇಲ್ಲ.

ಇನ್ನು ಎರಡು ವರ್ಷದಲ್ಲಿ ನಾವೆಲ್ಲ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕಬೇಕು. ಆಗ ರೆಡಿಮೇಡ್ ಪ್ರಾಜೆಕ್ಟ್ ಮಾರೋ ಅಂಗಡಿಗೆ ಹೋಗೋದಾ, ಅಥವಾ ಈ ಊರಿನದೇ ಒಂದು ಪ್ರಶ್ನೆ ಹಿಡಿಯೋದಾ? ಈ ಲೇಖನ ಆ ಆಯ್ಕೆಗೆ ಒಂದು ತಯಾರಿ. ನಾವು ಹೇಳಬೇಕು ಅಂತಿರೋದು ಇಷ್ಟೇ: ಊರಿನ ಪ್ರಶ್ನೆಗಳು ಬ್ರಾಂಚ್ ನೋಡಿಕೊಂಡು ಬರಲ್ಲ. ಅವಕ್ಕೆ ಉತ್ತರ ಬೇಕಂದ್ರೆ ಎಲ್ಲ ವಿಭಾಗದವರೂ ಒಂದೇ ಮೇಜಿನ ಸುತ್ತ ಕೂರಬೇಕು. ಸಣ್ಣ ವಿ.ವಿ.ಯಲ್ಲಿ ಅದು ಸುಲಭ, ಯಾಕಂದ್ರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು.

ಸ್ವಲ್ಪ ಹಿನ್ನೆಲೆ

ದಾವಣಗೆರೆಯ ಸ್ನಾತಕೋತ್ತರ ಕೇಂದ್ರ 1979ರಲ್ಲಿ ಮೈಸೂರು ವಿ.ವಿ.ಯ ಅಡಿಯಲ್ಲಿ ಶುರುವಾಯ್ತು. 1987ರಲ್ಲಿ ಕುವೆಂಪು ವಿ.ವಿ. ಬಂದ ಮೇಲೆ ಅದರ ಕೈಕೆಳಗೆ ಹೋಯ್ತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಅಂತ ಬೇರೆಯಾಯ್ತು. ದಾವಣಗೆರೆ ಮತ್ತು ಚಿತ್ರದುರ್ಗ, ಎರಡು ಜಿಲ್ಲೆ ಇದರ ವ್ಯಾಪ್ತಿ. ಗಣಿತ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ಆಹಾರ ತಂತ್ರಜ್ಞಾನ, ಕನ್ನಡ, ಅರ್ಥಶಾಸ್ತ್ರ, ವಾಣಿಜ್ಯ, ಪತ್ರಿಕೋದ್ಯಮ, ಸಮಾಜಕಾರ್ಯ ಹೀಗೆ ವಿಭಾಗಗಳಿವೆ. ಈಗ ಅಲ್ಲಿನ ಎರಡು ಕೆಲಸ, ಆಮೇಲೆ ನಮ್ಮ ಸುತ್ತಲಿನ ಮೂರು ಪ್ರಶ್ನೆ ನೋಡೋಣ.

1. ಗಣಿತ: ನಾವು ಬೈಕೊಂಡು ಓದಿದ ಪಾಠದ ಮುಂದಿನ ಭಾಗ

ಈ ವಿ.ವಿ.ಯ ಗಣಿತ ವಿಭಾಗದಿಂದ ನ್ಯಾನೋಫ್ಲೂಯಿಡ್ ಬಗ್ಗೆ ಬಹಳ ಪೇಪರ್ ಬಂದಿವೆ. ನ್ಯಾನೋಫ್ಲೂಯಿಡ್ ಅಂದ್ರೆ ನೀರು, ಎಣ್ಣೆ, ಕೂಲೆಂಟ್ ಥರದ ದ್ರವಕ್ಕೆ ಲೋಹದ ಅಥವಾ ಆಕ್ಸೈಡಿನ ತೀರಾ ಸಣ್ಣ ಕಣ ಬೆರೆಸಿದ್ದು. 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯಿ ಈ ಹೆಸರು ಕೊಟ್ಟರು. ಲೆಕ್ಕ ಸರಳ: ನೀರಿನ ಉಷ್ಣವಾಹಕತೆ ಸುಮಾರು 0.6 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್, ತಾಮ್ರದ್ದು ಸುಮಾರು 400. ಸ್ವಲ್ಪ ತಾಮ್ರ ಸೇರಿಸಿದರೂ ದ್ರವ ಶಾಖವನ್ನ ಬೇಗ ಸಾಗಿಸಬಹುದು ಅನ್ನೋ ಆಸೆ.

ಇದಕ್ಕೆ ಗಣಿತ ಯಾಕೆ ಬೇಕು? ದ್ರವದ ಹರಿವಿನ ಸಮೀಕರಣಗಳು ಆಂಶಿಕ ಅವಕಲ ಸಮೀಕರಣಗಳು. ಅವನ್ನ ಸಿಮಿಲಾರಿಟಿ ಟ್ರಾನ್ಸ್‌ಫಾರ್ಮೇಶನ್ ಮಾಡಿ ಸಾಮಾನ್ಯ ಅವಕಲ ಸಮೀಕರಣಗಳಾಗಿ ಇಳಿಸ್ತಾರೆ. ಆದರೂ ಒಂದು ತೊಂದರೆ ಉಳಿಯುತ್ತೆ. ಅರ್ಧ ಷರತ್ತುಗಳು ಗೋಡೆಯ ಹತ್ತಿರ, ಇನ್ನರ್ಧ ಬಹಳ ದೂರದಲ್ಲಿ. ನಾವು ಮೊದಲ ವರ್ಷ ಕಲಿತ ರುಂಗೆ-ಕುಟ್ಟಾ ವಿಧಾನಕ್ಕೆ ಎಲ್ಲ ಷರತ್ತೂ ಶುರುವಿನಲ್ಲೇ ಬೇಕು. ಅದಕ್ಕೆ ಶೂಟಿಂಗ್ ವಿಧಾನ ಬಳಸ್ತಾರೆ. ಬೌಂಡರಿಯಿಂದ ವಿಕೆಟ್‌ಗೆ ಥ್ರೋ ಮಾಡೋ ಹಾಗೆ: ಒಂದು ಕೋನ ಊಹಿಸಿ ಎಸೆಯೋದು, ಚೆಂಡು ಎಲ್ಲಿ ಬಿತ್ತು ನೋಡೋದು, ಕೋನ ತಿದ್ದಿ ಮತ್ತೆ ಎಸೆಯೋದು. ಗುರಿ ಮುಟ್ಟಿದಾಗ ಸಿಗೋದೇ ಉತ್ತರ. ಐದು ಮಾರ್ಕ್ಸ್‌ಗೆ ಅಂತ ಓದಿದ್ದು ಇಲ್ಲಿ ಸಂಶೋಧನೆಯ ಸಲಕರಣೆ.

ಆದರೆ ಇಂಥ ಪೇಪರಿನಲ್ಲಿ ಮೇಲ್ಮೈ ಸಪಾಟು, ಹರಿವು ಶಿಸ್ತಿನದು ಅಂತೆಲ್ಲ ಊಹೆಗಳಿರುತ್ತವೆ. ನಿಜವಾದ ರೇಡಿಯೇಟರ್‌ನಲ್ಲಿ ಕಣಗಳು ಅಡಿಯಲ್ಲಿ ಕೂರುತ್ತವಾ, ಪಂಪಿಗೆ ಭಾರ ಎಷ್ಟು ಜಾಸ್ತಿ ಆಗುತ್ತೆ ಅನ್ನೋದನ್ನ ಯಾರಾದ್ರೂ ಲ್ಯಾಬಿನಲ್ಲಿ ನೋಡಬೇಕು. ಮೆಕ್ಯಾನಿಕಲ್ ಲ್ಯಾಬ್ ಊರಿನ ಎಷ್ಟೋ ಕಾಲೇಜುಗಳಲ್ಲಿದೆ. ಗಣಿತ ತೋಳಹುಣಸೆಯಲ್ಲಿದೆ.

2. ಸೂಕ್ಷ್ಮಜೀವಶಾಸ್ತ್ರ: ಹಿಟ್ಟು ಹುಳಿ ಬರಿಸೋರು

ಸೂಕ್ಷ್ಮಜೀವಶಾಸ್ತ್ರ ವಿಭಾಗದಿಂದ ಬಂದ ಕೆಲಸದಲ್ಲಿ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಒಂದು ಮುಖ್ಯ ವಿಷಯ. ಹಾಲು ಮೊಸರಾಗೋದು, ದೋಸೆ ಹಿಟ್ಟು ಹುಳಿ ಬರೋದು ಇಂಥ ಜೀವಿಗಳಿಂದಲೇ. ಇವುಗಳಲ್ಲಿ ಯಾವುದನ್ನ ಪ್ರೋಬಯಾಟಿಕ್ ಅನ್ನಬಹುದು? ಅದಕ್ಕೆ ಪರೀಕ್ಷೆಗಳಿವೆ. ಹೊಟ್ಟೆಯ ಆಮ್ಲದಲ್ಲಿ, ಅಂದ್ರೆ ಪಿಎಚ್ 2ರಿಂದ 3ರಲ್ಲಿ ಬದುಕಬೇಕು. ಪಿತ್ತರಸದ ಲವಣ ತಡ್ಕೋಬೇಕು. ರೋಗ ತರೋ ಬ್ಯಾಕ್ಟೀರಿಯಾವನ್ನ ತಡೀಬೇಕು. ತಾನು ಮಾತ್ರ ತೊಂದರೆ ಕೊಡಬಾರದು.

ಬೆಣ್ಣೆ ದೋಸೆ ಊರಿನಲ್ಲಿ ಇದು ದೂರದ ವಿಷಯ ಅಲ್ಲ. ಹಿಟ್ಟಿನ ಉಷ್ಣತೆ ಮತ್ತು ಪಿಎಚ್‌ನ ರಾತ್ರಿಯಿಡೀ ಅಳೆಯೋ ಸೆನ್ಸರ್ ಮಾಡೋಕೆ ಎಲೆಕ್ಟ್ರಾನಿಕ್ಸ್‌ನವರಿಗೆ ಬರುತ್ತೆ. ಆ ಗ್ರಾಫಿನ ಅರ್ಥ ಹೇಳೋಕೆ ಸೂಕ್ಷ್ಮಜೀವಶಾಸ್ತ್ರದವರು ಬೇಕು.

3. ಹರಿಹರದ ಹೊಳೆ: ಒಂದು ನದಿ, ಎರಡು ದಡ

ತುಂಗೆ ಭದ್ರೆ ಕೂಡ್ಲಿಯಲ್ಲಿ ಸೇರಿ, ಹರಿಹರದ ಪಕ್ಕ ಹರೀತಾವೆ. ದಾವಣಗೆರೆಗೆ ಕುಡಿಯೋ ನೀರಿನ ಒಂದು ಪಾಲು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ಈ ಹೊಳೆಯಿಂದಲೇ ಎತ್ತಿದ್ದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ ಮಲಿನಗೊಂಡ 351 ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17. ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಅದರಲ್ಲಿತ್ತು.

ಪಟ್ಟಿಗೆ ಅಳತೆಗೋಲು ಬಿಓಡಿ. ನೀರಿನಲ್ಲಿರೋ ಕೊಳೆಯನ್ನ ತಿನ್ನೋಕೆ ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಅನ್ನೋದೇ ಬಿಓಡಿ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ಭಾಗ ಪಟ್ಟಿಗೆ ಸೇರುತ್ತೆ. ನಮ್ಮ ದೇಶದ ವಿಧಾನದಲ್ಲಿ ನೀರನ್ನ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೀತಾರೆ.

ಈಗ ಒಂದು ಲೆಕ್ಕ ಮಾಡೋಣ, ಅಂಕಿ ಉದಾಹರಣೆಗೆ ಮಾತ್ರ. ಬೇಸಿಗೆಯಲ್ಲಿ ಹೊಳೆಯಲ್ಲಿ ಸೆಕೆಂಡಿಗೆ 10 ಘನ ಮೀಟರ್ ನೀರು, ಬಿಓಡಿ 4 ಅಂದುಕೊಳ್ಳಿ. ಸೆಕೆಂಡಿಗೆ 40 ಗ್ರಾಂ, ಅಂದ್ರೆ ದಿನಕ್ಕೆ ಸುಮಾರು 3.5 ಟನ್ ಆಮ್ಲಜನಕದ ಬೇಡಿಕೆ. ಮಳೆಗಾಲದಲ್ಲಿ ಅಷ್ಟೇ ಕೊಳೆ ಬಂದು, ನೀರು ಮಾತ್ರ 100 ಘನ ಮೀಟರ್ ಆದರೆ ಬಿಓಡಿ 0.4ಕ್ಕೆ ಇಳಿಯುತ್ತೆ. ಕೊಳೆ ಒಂದು ಗ್ರಾಮೂ ಕಡಿಮೆ ಆಗಿಲ್ಲ, ರಿಪೋರ್ಟ್ ಮಾತ್ರ ಚೆನ್ನಾಗಿ ಕಾಣುತ್ತೆ! ಹಾಗಾಗಿ ಕೆಮಿಸ್ಟ್ರಿ ಒಂದೇ ಸಾಲಲ್ಲ. ಹರಿವು ಅಳೆಯೋಕೆ ಸಿವಿಲ್, ಮೀನಿಗೆ ಏನಾಯ್ತು ಅನ್ನೋಕೆ ಪ್ರಾಣಿಶಾಸ್ತ್ರ, ಮೀನು ಹಿಡಿಯೋರ ಆದಾಯಕ್ಕೆ ಏನಾಯ್ತು ಅನ್ನೋಕೆ ಅರ್ಥಶಾಸ್ತ್ರ ಬೇಕು.

ಇನ್ನೊಂದು ತಮಾಷೆ ಇದೆ. ಈಚೆ ದಡ ಹರಿಹರ, ದಾವಣಗೆರೆ ಜಿಲ್ಲೆ. ಆಚೆ ದಡ ಕಾರ್ಖಾನೆಗಳಿರೋ ಕುಮಾರಪಟ್ಟಣ, ಹಾವೇರಿ ಜಿಲ್ಲೆ. ಜಿಲ್ಲಾಡಳಿತವೂ ಬೇರೆ, ವಿ.ವಿ. ವ್ಯಾಪ್ತಿಯೂ ಬೇರೆ. ನೀರಿಗೆ ಮಾತ್ರ ಅದು ಗೊತ್ತಿಲ್ಲ.

4. ಆರುನೂರು ವರ್ಷ ಹಳೆಯ ಸೈಟ್ ರಿಪೋರ್ಟ್

ಹರಿಹರೇಶ್ವರ ದೇವಸ್ಥಾನವನ್ನ ಸುಮಾರು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಳಾಲ್ವ ಕಟ್ಟಿಸಿದ ಅಂತ ನಮಗೆಲ್ಲ ಗೊತ್ತು. ಅಲ್ಲಿಯ ಶಾಸನಗಳಲ್ಲಿ ಸಿವಿಲ್‌ನವರಿಗೆ ಬೇಕಾದ್ದು ಇದೆ ಅನ್ನೋದು ಅಷ್ಟು ಗೊತ್ತಿಲ್ಲ. ವಿಜಯನಗರ ಕಾಲದ 1410ರ ಒಂದು ಶಾಸನ, ಸೂಳೆಕೆರೆ ಕಡೆಯಿಂದ ಬಂದು ತುಂಗಭದ್ರೆಗೆ ಸೇರೋ ಹರಿದ್ರಾ ಹೊಳೆಗೆ ಅಣೆಕಟ್ಟು ಕಟ್ಟಿ ಕಾಲುವೆ ತಂದದ್ದನ್ನೂ, ನೀರು ಸಿಕ್ಕ ಭೂಮಿಯನ್ನ ಹಂಚಿಕೊಳ್ಳೋ ಒಪ್ಪಂದವನ್ನೂ ಹೇಳುತ್ತೆ. 1424ರ ಇನ್ನೊಂದು ಶಾಸನ, ಆ ಅಣೆ ಒಡೆದು ಹೋಗಿದ್ದನ್ನೂ ಮತ್ತೆ ದುರಸ್ತಿ ಮಾಡಿಸಿದ್ದನ್ನೂ ಹೇಳುತ್ತೆ.

ಅಂದ್ರೆ ನಿರ್ಮಾಣ, ವೈಫಲ್ಯ, ದುರಸ್ತಿ, ಮೂರೂ ಇಸವಿ ಸಮೇತ ಕಲ್ಲಿನಲ್ಲಿವೆ. ಹದಿನಾಲ್ಕೇ ವರ್ಷದಲ್ಲಿ ಯಾಕೆ ಒಡೀತು? ಪ್ರವಾಹವಾ, ತಳಪಾಯವಾ? ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳಿವೆ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಹಾಗಾಗಿ ಹರಿಹರದ್ದೂ ಅದರಲ್ಲೇ ಸಿಗುತ್ತೆ. ಶಾಸನ ಓದೋಕೆ ಕನ್ನಡ ವಿಭಾಗ, ಜಾಗ ಹುಡುಕೋಕೆ ಸರ್ವೇ ಮತ್ತು ಜಿಐಎಸ್ ಗೊತ್ತಿರೋ ನಾವು. ಒಬ್ಬರಿಂದಲೇ ಆಗೋ ಕೆಲಸ ಅಲ್ಲ.

5. ಮಂಡಕ್ಕಿ ಭಟ್ಟಿ

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಮ್ಮ ದಾವಣಗೆರೆ. ಪಿಎಂ10 ಅನ್ನೋ ಧೂಳಿಗೆ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ರಸ್ತೆ ಧೂಳು, ವಾಹನ, ಕಾರ್ಖಾನೆ ಎಲ್ಲ ಕಾರಣ ಇವೆ. ಭಟ್ಟಿಯ ಹೊಗೆಯೂ ಒಂದು. ಹಳೆ ಟೈರ್ ಸುಡೋ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರ್ತಾನೇ ಇರುತ್ತೆ. "ಒಳ್ಳೇ ಒಲೆ ಡಿಸೈನ್ ಮಾಡಿದ್ರೆ ಆಯ್ತಪ್ಪ" ಅಂತ ಮೆಕ್ಯಾನಿಕಲ್‌ನವರು ಹೇಳಬಹುದು. ಆದರೆ ಮರಳು ಸಾಕಷ್ಟು ಬಿಸಿ ಆಗದಿದ್ರೆ ಅಕ್ಕಿ ಅರಳಲ್ಲ, ಅದು ಆಹಾರ ತಂತ್ರಜ್ಞಾನದ ವಿಷಯ. ಒಲೆ ದುಬಾರಿ ಆದ್ರೆ ಸಣ್ಣ ಭಟ್ಟಿಯವರು ಕೊಳ್ಳಲ್ಲ, ಅದು ಅರ್ಥಶಾಸ್ತ್ರ. ದಿನವೆಲ್ಲ ಒಲೆ ಮುಂದೆ ಕೂರೋರ ಶ್ವಾಸಕೋಶ ವೈದ್ಯಕೀಯ ಕಾಲೇಜಿನ ವಿಷಯ. ಅವರ ಕೂಲಿ, ಮನೆ, ಮಕ್ಕಳ ಓದು ಸಮಾಜಕಾರ್ಯದ್ದು. ಇವರಲ್ಲಿ ಒಬ್ಬರನ್ನ ಬಿಟ್ಟರೂ ಒಲೆ ಎಕ್ಸಿಬಿಷನ್‌ನಲ್ಲೇ ಉಳಿಯುತ್ತೆ.

ಯಾವುದು ಲೆಕ್ಕಕ್ಕೆ ಬರುತ್ತೆ?

ಇಷ್ಟು ಸರಳ ಇದ್ರೆ ಎಲ್ಲರೂ ಯಾಕೆ ಸೇರಿ ಮಾಡಲ್ಲ? ರ‍್ಯಾಂಕಿಂಗ್‌ಗೆ ಎಣಿಸೋದು ಪೇಪರ್ ಸಂಖ್ಯೆ ಮತ್ತು ಸೈಟೇಶನ್. ನ್ಯಾನೋಫ್ಲೂಯಿಡ್ ಪೇಪರನ್ನ ಚೀನಾ, ಸೌದಿಯಲ್ಲಿರೋರೂ ಓದಿ ಉಲ್ಲೇಖ ಮಾಡ್ತಾರೆ. ಹರಿಹರದ ಹೊಳೆ ಬಗ್ಗೆ ಕನ್ನಡದಲ್ಲಿ ಬರೆದು ನಗರಸಭೆಗೆ ಕೊಟ್ಟ ವರದಿಯನ್ನ ಯಾರು ಉಲ್ಲೇಖ ಮಾಡ್ತಾರೆ? ಎರಡೂ ಸಂಶೋಧನೆಯೇ. ಮೊದಲನೆಯದು ಕಡಿಮೆ ಅಂತ ನಾವು ಹೇಳ್ತಿಲ್ಲ, ಆ ಗಣಿತ ಇಲ್ಲದೆ ಹೊಳೆಯ ಮಾದರಿಯೂ ಆಗಲ್ಲ. ಎರಡನೆಯದಕ್ಕೆ ಅಂಕ ಸಿಗಲ್ಲ ಅನ್ನೋದಷ್ಟೇ ತೊಂದರೆ. ನಮಗೆ ಆ ಅಂಕದ ಚಿಂತೆ ಇಲ್ಲ. ಪ್ರಾಜೆಕ್ಟ್‌ಗೆ ಊರಿನ ಪ್ರಶ್ನೆ ತಗೊಂಡ್ರೂ ಅಷ್ಟೇ ಕ್ರೆಡಿಟ್, ಕೊಂಡು ತಂದ್ರೂ ಅಷ್ಟೇ ಕ್ರೆಡಿಟ್. ಹಾಗಾಗಿ ಈ ಸ್ವಾತಂತ್ರ್ಯ ಪ್ರೊಫೆಸರ್‌ಗಳಿಗಿಂತ ನಮಗೇ ಜಾಸ್ತಿ.

ಶುರು ಮಾಡೋದು ಹೇಗೆ?

1. ಶೋಧಗಂಗಾ ತೆರೆಯಿರಿ. ದೇಶದ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗೋ ಜಾಗ, ನಡೆಸೋದು ಗಾಂಧಿನಗರದ ಇನ್‌ಫ್ಲಿಬ್‌ನೆಟ್. ಹುಡುಕುವಾಗ ಇಂಗ್ಲಿಷಿನಲ್ಲಿ ದಾವಣಗೆರೆಯ ಎರಡೂ ಸ್ಪೆಲ್ಲಿಂಗ್ ಹಾಕಿ. ಊರಿನ ಹೆಸರಲ್ಲಿ ನಡುವೆ ಒಂದು "ಎ" ಜಾಸ್ತಿ, ವಿ.ವಿ. ಹೆಸರಲ್ಲಿ ಅದು ಇಲ್ಲ.

2. ಪ್ರಬಂಧವನ್ನ ಮೊದಲಿಂದ ಓದಬೇಡಿ. ಸಾರಾಂಶ, ಆಮೇಲೆ ಕೊನೆಯ ಅಧ್ಯಾಯ, ಆಮೇಲೆ ವಿಧಾನ. ಕೊನೆಯ ಅಧ್ಯಾಯದಲ್ಲಿ "ಮುಂದೆ ಆಗಬೇಕಾದ ಕೆಲಸ" ಅಂತ ಇದ್ದರೆ ಅದೇ ನಿಮ್ಮ ಪ್ರಾಜೆಕ್ಟ್ ವಿಷಯದ ಪಟ್ಟಿ.

3. ಮೂರು ಪ್ರಶ್ನೆ ಕೇಳಿ. ಏನು ಅಳೆದರು? ಎಷ್ಟು ಸಲ, ಯಾವ ಕಾಲದಲ್ಲಿ ಅಳೆದರು? ಏನನ್ನ ಊಹೆ ಮಾಡಿಕೊಂಡರು?

4. ಬರೆದವರನ್ನ ಭೇಟಿ ಆಗಿ. ತಮ್ಮ ಪ್ರಬಂಧ ಓದಿಕೊಂಡು ಬಂದ ವಿದ್ಯಾರ್ಥಿ ಬಾಗಿಲಿಗೆ ಬಂದ್ರೆ ಯಾವ ಮೇಷ್ಟ್ರೂ ಬೇಡ ಅನ್ನಲಿಕ್ಕಿಲ್ಲ.

5. ದುಡ್ಡಿನ ಸಹಾಯಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು, ಹಾಗಾಗಿ ಎಚ್‌ಒಡಿಯವರನ್ನ ಮೊದಲೇ ಕೇಳಿಟ್ಟುಕೊಳ್ಳಿ.

ಮುಂದಿನ ಸಂಚಿಕೆಯಿಂದ ಒಂದು ಪ್ರಬಂಧವನ್ನ ಓದಿ, ಒಂದು ಪುಟದ ಕನ್ನಡ ಸಾರಾಂಶ ಹಾಕೋಣ ಅಂತ ನಮ್ಮ ಸಂಘದಲ್ಲಿ ಮಾತಾಗಿದೆ. ಸಿವಿಲ್‌ನವರು ಹರಿದ್ರಾ ಶಾಸನ ತಗೊಳ್ಳಿ, ಮೆಕ್ಯಾನಿಕಲ್‌ನವರು ಭಟ್ಟಿ, ಕಂಪ್ಯೂಟರ್ ಸೈನ್ಸ್‌ನವರು ಶೂಟಿಂಗ್ ವಿಧಾನಕ್ಕೆ ಒಂದು ಪೈಥಾನ್ ಕೋಡ್. ಹೊಳೆಯ ವಿಷಯಕ್ಕೆ ಮಾತ್ರ ಎಲ್ಲ ಬ್ರಾಂಚಿನವರೂ ಬೇಕು. ಹೆಸರು ಕೊಡೋಕೆ ಬನ್ನಿ, ಬರುವಾಗ ಬೇರೆ ಬ್ರಾಂಚಿನ ಒಬ್ಬ ಗೆಳೆಯರನ್ನೂ ಕರ್ಕೊಂಡು ಬನ್ನಿ.