ಕಿರುಬೆರಳು ನಿಲ್ಲದಿರಲಿ

ಪ್ರಶ್ನೆ: ನನಗೆ 42 ವರ್ಷ. ಬ್ಯಾಂಕ್ ಉದ್ಯೋಗಿ. ಕೆಲವು ವರ್ಷಗಳಿಂದ ವೀಣೆ ಕಲಿಯುತ್ತಿದ್ದೇನೆ. ಒಬ್ಬಳೇ ಕೂತರೆ ಚೆನ್ನಾಗಿಯೇ ನುಡಿಸುತ್ತೇನೆ. ಎದುರಿಗೆ ಯಾರಾದರೂ ಬಂದು ಕೂತರೆ ಸಾಕು, ಎದೆ ಡವಡವ, ಬೆರಳುಗಳು ತಣ್ಣಗಾಗಿ ಬೆವರುತ್ತವೆ, ಮೀಟು ತಪ್ಪುತ್ತದೆ. ಒಂದು ಸ್ವರ ಕೆಟ್ಟರೂ ವರ್ಣವನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳದೆ ಸಮಾಧಾನವಿಲ್ಲ. ಸೀನಿಯರ್ ಪರೀಕ್ಷೆಗೆ ಎರಡು ಸಲ ಶುಲ್ಕ ಕಟ್ಟಿ ಹೋಗಲೇ ಇಲ್ಲ. ಇದು ಕಾಯಿಲೆಯೇ? ಥೈರಾಯ್ಡ್ ಇರಬಹುದೇ?
– ಹೆಸರು ಬೇಡ, ಮೈಸೂರು

ಉತ್ತರ: ಥೈರಾಯ್ಡ್ ಹೆಚ್ಚಾಗಿ ಕೈ ನಡುಗುವುದಾದರೆ ಅದು ಎದುರಿಗೆ ಜನ ಬರಲಿ ಎಂದು ಕಾಯುವುದಿಲ್ಲ. ಒಬ್ಬರೇ ಇದ್ದಾಗಲೂ ಕೈ ನಡುಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಒಂದು ರಕ್ತಪರೀಕ್ಷೆ ಮಾಡಿಸಿ. ನೀವು ಬರೆದಿರುವುದನ್ನು ನೋಡಿದರೆ ಇದು ವೇದಿಕೆ ಭಯ. ದೇಹ ಅಪಾಯ ಬಂತೆಂದು ತಿಳಿದು ಅಡ್ರಿನಲಿನ್ ಸುರಿಸುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ ಬೆರಳು ತಣ್ಣಗಾಗುತ್ತದೆ, ಅಂಗೈ ಬೆವರುತ್ತದೆ, ಸ್ನಾಯು ಸಣ್ಣಗೆ ಅದುರುತ್ತದೆ. ಓಡಿಹೋಗುವುದಕ್ಕೆ ಇದೆಲ್ಲ ಒಳ್ಳೆಯ ತಯಾರಿ, ಗಮಕ ಎಳೆಯುವುದಕ್ಕಲ್ಲ. ನಿಮ್ಮ ಸಾಧನೆ ಸಾಲದು ಎಂಬುದಕ್ಕೆ ಇದು ಸಾಕ್ಷಿಯೂ ಅಲ್ಲ. ಪಿಯಾನೋ ವಾದಕರಲ್ಲಿ ದಿಗ್ಗಜನಾದ ವ್ಲಾದಿಮಿರ್ ಹೊರೊವಿಟ್ಜ್ 1953ರಿಂದ 1965ರವರೆಗೆ ಕಛೇರಿ ವೇದಿಕೆಯನ್ನೇ ಹತ್ತಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎದೆಬಡಿತವಲ್ಲ, ವರ್ಣವನ್ನು ಮೊದಲಿನಿಂದ ಎತ್ತಿಕೊಳ್ಳುವ ಅಭ್ಯಾಸ. ತಪ್ಪಿದ ಕಡೆಯಲ್ಲೆಲ್ಲ ನಿಲ್ಲುತ್ತೀರಿ ಎಂದರೆ ದಿನವೂ ಸಾಧನೆಯಾಗುತ್ತಿರುವುದು ನಿಲ್ಲುವುದೇ. ಪರೀಕ್ಷಕರ ಮುಂದೆ ಸ್ವರ ತಪ್ಪಿದಾಗ ಕೈ ತಾನು ಕಲಿತದ್ದನ್ನೇ ಮಾಡುತ್ತದೆ, ನಿಂತುಬಿಡುತ್ತದೆ. ಇನ್ನೊಂದು ನಷ್ಟವೂ ಇದೆ. ಹೀಗೆ ನುಡಿಸಿದವರಿಗೆ ಪಲ್ಲವಿ ನೂರು ಸಲ ಆಗಿರುತ್ತದೆ, ಚರಣದ ಕೊನೆಯ ಸ್ವರಗಳು ಹತ್ತು ಸಲವೂ ಆಗಿರುವುದಿಲ್ಲ. ಪರಿಪೂರ್ಣತೆಯ ಹಟ ಅಪೂರ್ಣ ಅಭ್ಯಾಸವನ್ನೇ ಕೊಡುತ್ತದೆ!

ಆದ್ದರಿಂದ ಸಾಧನೆಯನ್ನು ಎರಡು ಪಾಲು ಮಾಡಿ. ಮೊದಲ ಪಾಲಿನಲ್ಲಿ ತಿದ್ದುವ ಕೆಲಸ: ಕೆಟ್ಟ ಆವರ್ತವನ್ನಷ್ಟೇ ತೆಗೆದುಕೊಂಡು ವಿಳಂಬದಲ್ಲಿ ನುಡಿಸಿ. ಎರಡನೆಯ ಪಾಲಿನಲ್ಲಿ ಇಡೀ ವರ್ಣ, ಏನೇ ಆದರೂ ನಿಲ್ಲುವಂತಿಲ್ಲ. ಎಡಗೈ ದಾರಿ ತಪ್ಪಿದರೂ ಬಲಗೈ ಕಿರುಬೆರಳು ತಾಳದ ತಂತಿಯನ್ನು ಮೀಟುತ್ತಲೇ ಇರಲಿ. ಮುಂದಿನ ಆವರ್ತಕ್ಕೆ ಸೇರಿಕೊಳ್ಳಿ. ಇದಕ್ಕಾಗಿಯೇ ಅನುಪಲ್ಲವಿ, ಮುಕ್ತಾಯಿ ಸ್ವರ, ಚರಣ, ಆಮೇಲಿನ ಒಂದೊಂದು ಸ್ವರ, ಹೀಗೆ ಎಲ್ಲಿಂದ ಕೇಳಿದರೂ ಎತ್ತಿಕೊಳ್ಳುವುದನ್ನು ಕಲಿತಿಡಿ. ಮರೆತರೆ ವಾಪಸು ಬರುವ ಬಾಗಿಲು ಎಷ್ಟು ಹೆಚ್ಚಿದ್ದರೆ ಭಯ ಅಷ್ಟು ಕಡಿಮೆ. ನಮ್ಮ ಸಂಗೀತದಲ್ಲಿ ಒಂದು ಸ್ವರ ಜಾರಿದ್ದನ್ನು ಕೇಳುಗರು ಬೇಗ ಮರೆಯುತ್ತಾರೆ, ತಾಳ ಮುರಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಭಯದಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಆ ಎರಡು ಪರೀಕ್ಷೆಗಳಿಗೆ ಹೋಗದಿದ್ದಾಗ ನಿಮಗೆ ಸಿಕ್ಕ ನಿರಾಳವೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ನುಡಿಸಿ. ಆಮೇಲೆ ಮನೆಯವರ ಎದುರು, ನಂತರ ಪಕ್ಕದ ಮನೆಯವರನ್ನು ಕಾಫಿಗೆ ಕರೆದು, ಮತ್ತೆ ಬಡಾವಣೆಯ ಭಜನಾ ಮಂಡಳಿಯಲ್ಲಿ. ಒಂದೊಂದು ಮೆಟ್ಟಿಲಲ್ಲೂ ಎದೆಬಡಿತ ಸ್ವಲ್ಪ ತಗ್ಗುವವರೆಗೆ ನಿಲ್ಲಿ. ಆ ಕಾಫಿಯನ್ನು ನೀವು ಮಾತ್ರ ನುಡಿಸಿದ ಮೇಲೆ ಕುಡಿಯಿರಿ, ಸ್ಟ್ರಾಂಗ್ ಫಿಲ್ಟರ್ ಕಾಫಿ ನಡುಕವನ್ನು ಹೆಚ್ಚಿಸುತ್ತದೆ. ನುಡಿಸುವ ಮುನ್ನ ಕೆಲವು ನಿಮಿಷ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡುತ್ತಾ ನಿಮಿಷಕ್ಕೆ ಆರೇಳು ಸಲ ಉಸಿರಾಡಿ. ಕೈಗಳನ್ನು ಬೆಚ್ಚಗಿಟ್ಟುಕೊಳ್ಳಿ. ‘ಶಾಂತವಾಗಿರು’ ಎಂದು ಮನಸ್ಸಿಗೆ ಗದರುವುದು ಬೇಡ. 2014ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಅಧ್ಯಯನವೊಂದರಲ್ಲಿ ಹಾಡುವ ಮುನ್ನ ‘ನನಗೆ ಉತ್ಸಾಹವಾಗಿದೆ’ ಎಂದು ಹೇಳಿಕೊಂಡವರು ‘ನನಗೆ ಆತಂಕವಾಗಿದೆ’ ಎಂದವರಿಗಿಂತ ಚೆನ್ನಾಗಿ ಹಾಡಿದರು.

ನುಡಿಸುವಾಗ ಮಾತ್ರ ಒಂದು ಬೆರಳು ನೋವಿಲ್ಲದೆ ತಾನಾಗಿ ಮಡಚಿಕೊಳ್ಳುತ್ತಿದ್ದರೆ ಅದು ಭಯವಲ್ಲ, ನರತಜ್ಞರನ್ನು ಕಾಣಿ. ಇಷ್ಟೆಲ್ಲ ಮಾಡಿಯೂ ಪರೀಕ್ಷೆಯ ಬಾಗಿಲಿಗೆ ಹೋಗಲಾಗದಿದ್ದರೆ ಆಪ್ತಸಮಾಲೋಚಕರ ನೆರವು ಪಡೆಯಿರಿ. ಮೂರನೆಯ ಸಲ ಶುಲ್ಕವನ್ನಂತೂ ಕಟ್ಟಿ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಪಿಟೀಲು ನುಡಿಸುತ್ತಾಳೆ. ವೇದಿಕೆಯಲ್ಲಿ ಕಮಾನು ನಡುಗುತ್ತದೆ. ಆರ್ಕೆಸ್ಟ್ರಾದಲ್ಲಿರುವ ಪರಿಚಿತರೊಬ್ಬರು ‘ಪ್ರೊಪ್ರನೊಲಾಲ್’ ಮಾತ್ರೆ ಕೊಟ್ಟು, ಒಂದು ಗಂಟೆ ಮುಂಚೆ ನುಂಗಿಸಿ ಎಂದಿದ್ದಾರೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸವಿದೆ, ಇನ್‌ಹೇಲರ್ ಬಳಸುತ್ತಾಳೆ. ಕೊಡಬಹುದೇ?
– ಓದುಗರು, ಹಾಸನ

ಉತ್ತರ: ಖಂಡಿತ ಕೊಡಬೇಡಿ. ಇದು ಹೃದ್ರೋಗಕ್ಕೆಂದು ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಔಷಧ. ಇಂಥ ಕೆಲಸಕ್ಕಾಗಿ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್‌ನ ಹೊಡೆತಕ್ಕೆ ಅಡ್ಡ ನಿಂತು ನಡುಕ, ಎದೆಬಡಿತಗಳನ್ನು ಇಳಿಸುವುದರಿಂದ ವಾದಕರ ನಡುವೆ ಪ್ರಚಾರಕ್ಕೆ ಬಂದಿದೆ. ಅಮೆರಿಕದ ಸಿಂಫನಿ ವಾದಕರಲ್ಲಿ 1987ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 27ರಷ್ಟು ಮಂದಿ ಈ ಗುಂಪಿನ ಮಾತ್ರೆ ಬಳಸಿದ್ದಾಗಿ ಹೇಳಿದ್ದರು. ಆದರೆ ಉಬ್ಬಸವಿರುವವರಲ್ಲಿ ಇದು ಶ್ವಾಸನಾಳವನ್ನು ಬಿಗಿಸುತ್ತದೆ. ಆಗ ಇನ್‌ಹೇಲರ್ ಕೂಡ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತದೆ. ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ನಾಡಿಬಡಿತ ನಿಧಾನವಿರುವವರು ಸಹ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಇನ್ನೊಂದು ವಿಷಯ. ಸಾಲ್‌ಬ್ಯುಟಮಾಲ್ ಇನ್‌ಹೇಲರ್ ಎಳೆದುಕೊಂಡ ಮೇಲೆ ಸ್ವಲ್ಪ ಹೊತ್ತು ಕೈ ನಡುಗುವುದುಂಟು, ಎದೆಯೂ ಹೊಡೆದುಕೊಳ್ಳುತ್ತದೆ. ಮಗಳು ವೇದಿಕೆ ಹತ್ತುವ ಮುಂಚೆ ಅದನ್ನು ಬಳಸುತ್ತಾಳೆಯೇ ನೋಡಿ. ಹಾಗಿದ್ದರೆ ಅವಳ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಕಮಾನು ಉದ್ದವಾದ್ದರಿಂದ ಹಿಡಿಯಲ್ಲಿ ಕೂದಲೆಳೆಯಷ್ಟು ನಡುಕವಿದ್ದರೂ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಬಿಗಿಹಿಡಿದಷ್ಟೂ ಹೆಚ್ಚುತ್ತದೆ. ಮೊದಲ ಕೆಲವು ನಿಮಿಷವೇ ಕಷ್ಟ. ಕಛೇರಿಯನ್ನು ವರ್ಣದಿಂದ ಶುರುಮಾಡುವ ನಮ್ಮ ಪದ್ಧತಿ ಈ ದೃಷ್ಟಿಯಿಂದಲೂ ಒಳ್ಳೆಯದೇ. ಅವಳಿಗೆ ನೀರು ಕುಡಿದಷ್ಟು ಸಲೀಸಾದ ಒಂದನ್ನು ಮೊದಲಿಗೆ ಇಟ್ಟುಕೊಳ್ಳಲಿ, ಹೊಸದಾಗಿ ಪಾಠವಾದದ್ದು ಬೇಡ. ಕಾರ್ಯಕ್ರಮ ಮುಗಿಸಿ ಮನೆಗೆ ಬರುವಾಗ ಗಾಡಿಯಲ್ಲೇ ತಪ್ಪುಗಳ ಪಟ್ಟಿ ಓದಬೇಡಿ, ಅದು ಗುರುಗಳ ಕೆಲಸ.

ಆ ಮಾತ್ರೆಯನ್ನು ಈಗಾಗಲೇ ಕೊಟ್ಟಿದ್ದು ಮಗಳಿಗೆ ಉಸಿರು ಕಟ್ಟಿದಂತಾದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಮಾತ್ರೆ ನುಂಗಿದ್ದಾಳೆ ಎಂಬುದನ್ನು ಅಲ್ಲಿ ಮುಚ್ಚಿಡದೆ ಹೇಳಿ.