ಕೊಳವೆಬಾವಿಯ ಸರದಿಯನ್ನೂ ಬರೆದ ಉಯಿಲು

ಉಯಿಲು ಬರೆಯುವ ರೈತ ಮೊದಲು ತಿಳಿಯಬೇಕಾದದ್ದು, ತನ್ನ ಇಷ್ಟದಂತೆ ಕೊಡಲು ಬರುವ ಜಮೀನು ಎಷ್ಟಿದೆ ಎಂಬುದನ್ನು. ತಿಪಟೂರು ಸೀಮೆಯ ತೆಂಗು ಬೆಳೆಗಾರನೊಬ್ಬನ ಕುಟುಂಬಕ್ಕೆ ಇದು ಗೊತ್ತಾದದ್ದು ಎರಡನೆಯ ಉಯಿಲು ಬರೆಯುವ ಹೊತ್ತಿಗೆ.

ಆತನ ಹೆಸರಿನ ಪಹಣಿಗಳಲ್ಲಿ 6 ಎಕರೆ 20 ಗುಂಟೆ ಇತ್ತು. ಅದರಲ್ಲಿ 4 ಎಕರೆ ರಾಗಿ ಹೊಲ, ದಾಯಾದಿಗಳೊಂದಿಗೆ ಪಾಲಾಗಿ ಬಂದ ಪಿತ್ರಾರ್ಜಿತ. ಉಳಿದ 2 ಎಕರೆ 20 ಗುಂಟೆ ತೋಟ, ಲಾರಿ ಓಡಿಸಿ ಕೂಡಿಟ್ಟ ಹಣದಲ್ಲಿ ಕೊಂಡದ್ದು. ಹೆಂಡತಿ ತೀರಿಹೋಗಿದ್ದಳು; ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮೊದಲ ಉಯಿಲಿನಲ್ಲಿ ಎಲ್ಲವೂ ಗಂಡುಮಕ್ಕಳಿಗೆ ಅರ್ಧರ್ಧ. ಮಗಳಿಗೆ ಮದುವೆಯಲ್ಲೇ ಕೊಟ್ಟಾಗಿದೆ ಎಂಬ ಒಂದು ಸಾಲು.

ಆ ಸಾಲು ನಿಲ್ಲುವಂಥದ್ದಾಗಿರಲಿಲ್ಲ. 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಕ್ಕೆ ತಂದಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಮದುವೆಯ ಖರ್ಚನ್ನು ಪಾಲಿಗೆ ಲೆಕ್ಕ ಹಿಡಿಯುವ ಮಾತು ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಕಾನೂನಿನಲ್ಲಿ ಅದಕ್ಕೆ ನೆಲೆಯಿಲ್ಲ, ನ್ಯಾಯದಲ್ಲೂ ಇಲ್ಲ. ನಾಲ್ಕು ಎಕರೆಯಲ್ಲಿ ತಂದೆಗೂ ಮೂವರು ಮಕ್ಕಳಿಗೂ ತಲಾ ಒಂದು ಎಕರೆ. ಆ ಹೊಲದಲ್ಲಿ ತಂದೆ ಉಯಿಲಿನಲ್ಲಿ ಬರೆಯಬಹುದಾದದ್ದು ತನ್ನ ಒಂದು ಎಕರೆಯನ್ನು ಮಾತ್ರ.

ಹಾಗಾಗಿ ತಂದೆ ಬದುಕಿರುವಾಗಲೇ ಹೊಲಕ್ಕೆ ವಿಭಾಗ ಪತ್ರವಾಯಿತು. ಉಯಿಲಿಗೆ ಉಳಿದದ್ದು ಆ ಎಕರೆ, ತೋಟ, ಮನೆ ಮತ್ತು ಪಟ್ಟಣದ ಒಂದು ನಿವೇಶನ. ತೋಟ ನೋಡಿಕೊಳ್ಳುತ್ತಿದ್ದ ಹಿರಿಯನಿಗೆ ತೋಟದ 1 ಎಕರೆ 20 ಗುಂಟೆ ಮತ್ತು ಮನೆ, ಮಗಳಿಗೆ ತೋಟದ 1 ಎಕರೆ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಕಿರಿಯನಿಗೆ ಹೊಲದ ಎಕರೆ ಮತ್ತು ನಿವೇಶನ. ಹಿರಿಯನಿಗೆ ಹೆಚ್ಚು ಏಕೆ ಎಂಬ ಕಾರಣವನ್ನೂ ಉಯಿಲಿನಲ್ಲೇ ಬರೆಸಲಾಯಿತು: ಹತ್ತು ವರ್ಷ ಔಷಧದ ಖರ್ಚು, ಆರೈಕೆ ಎರಡೂ ಅವನದಾಗಿತ್ತು. ಕಾರಣ ತಿಳಿದಿದ್ದರಿಂದ ಕಿರಿಯನ ಮನಸ್ಸಿನಲ್ಲಿ ಅನುಮಾನ ಉಳಿಯಲಿಲ್ಲ.

ಕಷ್ಟವಾದದ್ದು ತೋಟವನ್ನು ಒಡೆಯುವುದು. ಎಕರೆ ಲೆಕ್ಕದಲ್ಲಿ ಪಾಲು ಸರಿ ಕಂಡರೂ ಕೊಳವೆಬಾವಿ ಹಿರಿಯನ ಭಾಗಕ್ಕೆ ಬಿದ್ದಿತ್ತು, ಗಾಡಿದಾರಿಯೂ ಅಲ್ಲೇ. ನೀರಿಲ್ಲದ ತೆಂಗಿನ ತೋಟ ಮಗಳಿಗೆ ಕೊಟ್ಟೂ ಕೊಡದ ಹಾಗೆ. ಆದ್ದರಿಂದ ಐದು ದಿನದ ಸರದಿ ಬರೆಸಲಾಯಿತು: ತ್ರೀ ಫೇಸ್ ಕರೆಂಟು ಇರುವ ಹೊತ್ತಿನಲ್ಲಿ ಮೂರು ದಿನ ಅವನಿಗೆ, ಎರಡು ದಿನ ಅವಳಿಗೆ, ಮೋಟಾರು ಸುಟ್ಟರೆ ರಿಪೇರಿಯೂ ಅದೇ ಲೆಕ್ಕದಲ್ಲಿ. ಗಾಡಿದಾರಿ 12 ಅಡಿ, ಇಬ್ಬರಿಗೂ. ಮೊದಲ ಉಯಿಲಿನಲ್ಲಿದ್ದ "ಮೂಡಣ ಭಾಗ" ಎಂಬ ಅಸ್ಪಷ್ಟ ಮಾತಿನ ಜಾಗಕ್ಕೆ ಸರ್ವೆ ನಂಬರು, ಚಕ್ಕುಬಂದಿ, ಗಡಿಯ ಮರಗಳ ಎಣಿಕೆ ಬಂದವು. ಉಯಿಲಿಗೆ ನಕ್ಷೆ ಕಡ್ಡಾಯವಲ್ಲದಿದ್ದರೂ ಅಳತೆ ಮಾಡಿಸಿದ ನಕ್ಷೆಯೊಂದನ್ನು ಲಗತ್ತಿಸಲಾಯಿತು.

ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಮೊದಲನೆಯದಕ್ಕೆ ರುಜು ಹಾಕಿದವರು ರೈತನಿಗಿಂತ ಹಿರಿಯರು. ಒಬ್ಬರು ಆತನಿಗಿಂತ ಮುಂಚೆಯೇ ಹೋದರು. ತಕರಾರು ಬಂದರೆ ಬದುಕಿರುವ ಒಬ್ಬ ಸಾಕ್ಷಿಯಾದರೂ ನ್ಯಾಯಾಲಯದಲ್ಲಿ ನುಡಿಯಬೇಕಾಗುತ್ತದೆ. ಎರಡನೆಯದಕ್ಕೆ ಆಸ್ತಿಯಲ್ಲಿ ಪಾಲಿಲ್ಲದ, ವಯಸ್ಸಿನಲ್ಲಿ ಕಿರಿಯರಾದ ಇಬ್ಬರು ನಿಂತರು. ನೋಂದಣಿ ಐಚ್ಛಿಕ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ, ಹಿಂದಿನ ಉಯಿಲನ್ನು ರದ್ದುಪಡಿಸಿರುವುದಾಗಿ ಅದರಲ್ಲೇ ಬರೆಸಿದರು.

ರೈತ ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ, ಉಯಿಲು ಕೊಟ್ಟು ಮೂವರೂ ಖಾತೆ ಬದಲಾವಣೆಗೆ ಅರ್ಜಿ ಹಾಕಿದರು, ಆಕ್ಷೇಪಣೆ ಬರಲಿಲ್ಲ. ಪತ್ರದಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿ ಎರಡನೆಯ ಬೇಸಿಗೆಯಲ್ಲಿ ಎದುರಾಯಿತು: ಬಾವಿ ಬತ್ತಿದರೆ ಏನು? ಹೊಸ ಬಾವಿಗೆ ನೀರು ಸಿಕ್ಕಿದ್ದು ಮಗಳ ಎಕರೆಯಲ್ಲಿ. ಖರ್ಚನ್ನು ಮೂರಕ್ಕೆ ಎರಡರಂತೆ ಹಂಚಿಕೊಂಡು, ಅಣ್ಣ ತಂಗಿ ಹೊಸ ಒಪ್ಪಂದ ಬರೆದುಕೊಂಡರು. ಸರದಿಯ ದಿನಗಳು ಅವೇ ಉಳಿದವು.