ಪಿಸ್ತೂಲಿನ ಹಿಡಿಗೆ ಎಂ-ಸೀಲ್

ಏರ್ ಪಿಸ್ತೂಲಿನ ಹಿಡಿ ಸ್ವಲ್ಪ ಸಡಿಲ ಇದ್ರೆ ಏನು ಮಹಾ ಅನ್ನುವವರಿಗೆ ಮೊದಲು ಒಂದು ಲೆಕ್ಕ. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಸುಮಾರು 330 ಮಿ.ಮೀ. ಅಂತರ. ಗುರಿ ಇರುವುದು 10 ಮೀಟರ್ ದೂರದಲ್ಲಿ. ಸೈಟುಗಳ ಜೋಡಣೆ 1 ಮಿ.ಮೀ. ತಪ್ಪಿದರೆ, ಸಮರೂಪ ತ್ರಿಭುಜದ ಪ್ರಕಾರ, ಪೆಲೆಟ್ 30 ಮಿ.ಮೀ. ಆಚೆ ಬೀಳುತ್ತೆ. ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿ.ಮೀ. ಹತ್ತು ಬರಬೇಕಾದಲ್ಲಿ ಏಳು ಬಂತು ಅಂತ ಲೆಕ್ಕ.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ. ಒಂದೇ ಕೈ, ಬೇರೆ ಆಸರೆ ಇಲ್ಲ. ಹಿಡಿಗಳು ಸಣ್ಣ, ಮಧ್ಯಮ, ದೊಡ್ಡದು ಅಂತ ಬರ್ತವೆ. ನಮ್ಮ ಅಂಗೈ ಆ ಮೂರರಲ್ಲಿ ಒಂದಕ್ಕೆ ಕೂರಲೇಬೇಕು ಅಂತೇನಿಲ್ಲ.

ಎಲ್ಲಿ ತುಂಬಬೇಕು ಅಂತ ತಿಳಿಯೋದು ಹೀಗೆ. ಪಿಸ್ತೂಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಗುರಿಯತ್ತ ಎತ್ತಿ, ಕಣ್ಣು ಮುಚ್ಚಿ, ಕೈ ನೆಲೆಸಿದ ಮೇಲೆ ತೆಗೀರಿ. ಪ್ರತಿ ಸಲವೂ ಮುಂದಿನ ಸೈಟ್ ಕೆಳಗೇ ಬಿದ್ದಿದ್ದರೆ, ಹಿಡಿಯ ಹಿಂಬದಿಯ ಕೆಳಭಾಗಕ್ಕೆ ತೆಳು ಪದರ ಬೇಕು. ಆಗ ಹಿಡಿಯ ಬುಡ ಮುಂದೆ ಹೋಗಿ, ಮೂತಿ ಮೇಲೇಳುತ್ತೆ. ಮಕ್ಕಳ ಆಟದ ಕ್ಲೇ ಹಚ್ಚಿ ಮೊದಲು ಪ್ರಯೋಗ ಮಾಡಿ, ಆಮೇಲೆ ಎಂ-ಸೀಲ್.

ಕೆಂಪಾಪುರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತೆ. ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ, ಸ್ಕ್ರೂ ತೂತು ಮುಚ್ಚಿ, ಹಚ್ಚುವ ಜಾಗವನ್ನು ಒರಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ನುಣುಪು ವಾರ್ನಿಷ್ ಮೇಲೆ ಹಚ್ಚಿದರೆ ಎದ್ದು ಬರುತ್ತೆ. ರೆಸಿನ್, ಹಾರ್ಡನರ್ ಎರಡನ್ನೂ ಚಪಾತಿ ಹಿಟ್ಟಿನ ಹಾಗೆ ಬಣ್ಣ ಒಂದಾಗುವ ತನಕ ನಾದಬೇಕು. ಕೈಗೆ ಗ್ಲೌಸ್ ಕಡ್ಡಾಯ, ಹಸಿ ಎಪಾಕ್ಸಿಯಿಂದ ಚರ್ಮಕ್ಕೆ ಅಲರ್ಜಿ ಆಗಬಹುದು. ಹಚ್ಚಿದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಗುಂಡು ಹೊಡೆಯುವಾಗ ಹಿಡಿಯುವಷ್ಟೇ ಬಿಗಿಯಾಗಿ ಹಿಡೀರಿ. ಹಿಂಡಿದರೆ ಹಿಂಡಿದ ಕೈಯ ಅಚ್ಚೇ ಉಳಿಯುತ್ತೆ, ಆಮೇಲೆ ದಿನಾ ಹಿಂಡಬೇಕು, ಕೈ ನಡುಗುತ್ತೆ. ಗಟ್ಟಿಯಾದ ಮೇಲೆ ಮಾಸ್ಕ್ ಹಾಕಿಕೊಂಡು ಉಜ್ಜಿ.

ನಾನು ಮಾಡಿದ ತಪ್ಪು ಬೇರೆ. ಅಂಗೈ ಬದಿಗೂ ಬುಡದ ಆಸರೆಗೂ ಧಾರಾಳವಾಗಿ ಮೆತ್ತಿದ್ದೆ. ಎರಡು ತಿಂಗಳು ಅದರಲ್ಲೇ ಅಭ್ಯಾಸ, ಅಂಕವೂ ಏರಿತ್ತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪಿಸ್ತೂಲು 420×200×50 ಮಿ.ಮೀ. ಡಬ್ಬಿಯೊಳಗೆ ಕೂರಬೇಕು, ತೂಕ 1500 ಗ್ರಾಂ ಮೀರಬಾರದು, ಮಣಿಕಟ್ಟು ಮುಕ್ತವಾಗಿರಬೇಕು. ತೂಕ ನೋಡಿಕೊಂಡಿದ್ದೆ, ಅಗಲ ನೋಡಿರಲಿಲ್ಲ. ಪಂದ್ಯದ ಬೆಳಿಗ್ಗೆ ಡಬ್ಬಿಗೆ ಇಳಿಯಲೇ ಇಲ್ಲ. ಮೆಟ್ಟಿಲ ಮೇಲೆ ಕೂತು, ಯಾರದೋ ಸ್ಯಾಂಡ್‌ಪೇಪರ್ ಸಾಲ ಪಡೆದು ಉಜ್ಜಿ ಒಳಗೆ ಹೋಗುವಷ್ಟರಲ್ಲಿ ತಯಾರಿಯ 15 ನಿಮಿಷ ಮುಗಿದಿತ್ತು. ಕೈಗೆ ಗೊತ್ತಿದ್ದ ಹಿಡಿಯೂ ಇರಲಿಲ್ಲ. ಮೊದಲ ಗುಂಡಿಗೇ ಏಳು.

ಈಗ ಅದೇ ಅಳತೆಯ ರಟ್ಟಿನ ಡಬ್ಬಿ ಹಾಸ್ಟೆಲ್ ರೂಮಿನಲ್ಲಿದೆ. ಪ್ರತಿ ಪದರ ಒಣಗಿದ ಮೇಲೂ ಒಮ್ಮೆ ಅದರಲ್ಲಿ ಇಳಿಸಿ ನೋಡ್ತೀನಿ.